ಗೀಸರಿನ ಹಸಿರು ತಂತಿ

ಬಚ್ಚಲಿನಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು, ಒಳಗೆ ಅವ್ವ, ಬೀಳಲಿ, ಹೊಗೆಯಾಡುವ ಬಿಸಿನೀರು, ಇನ್ನು ಈ ಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ, ಚಹಾದ ಬಶಿ ಹಿಡಿದು ಮನ್ಮಥಪ್ಪ ಗೆದ್ದವನಂತೆ ಕೂತಿದ್ದಾನೆ, ನಿನ್ನೆ ಸಂಜೆ ಫೋನಿನಲ್ಲಿ ವಿಡಿಯೊ ನೋಡುತ್ತ ಗೀಸರನ್ನು ತಾನೇ ಬಿಚ್ಚಿ ತಾನೇ ಜೋಡಿಸಿದ್ದ — ಒಳಗಿನ ಕಾಯಿಲ್ ಒಡೆದಿದೆ, ನೀರಿಗೆ ಕರೆಂಟ್ ಇಳಿಯುತ್ತಿದೆ, ಅದಕ್ಕೇ ಬೋರ್ಡಿನ ಟ್ರಿಪ್ ಸ್ವಿಚ್ಚು ಬೀಳುತ್ತಿದೆ ಎಂದಿದ್ದ ಎಲೆಕ್ಟ್ರಿಶಿಯನ್ ಸಮೀರ, ಎರಡು ಸಾವಿರ ಕೇಳಿದ್ದ, ಎಲ್ಲ ದುಡ್ಡು ಕೀಳುವ ಮಾತು, ಕೆಟ್ಟಿದ್ದು ಬರೀ ಸ್ವಿಚ್ಚು, ಗೀಸರ್ ಹಾಕಿದಾಗಲೆಲ್ಲ ಟಪ್ಪನೆ ಬಿದ್ದು ಮನೆಯೆಲ್ಲ ಕತ್ತಲೆ ಮಾಡುತ್ತಿತ್ತು, ಅದನ್ನು ಬಿಟ್ಟು ತಂತಿಯನ್ನು ನೇರ ಜೋಡಿಸಿದ, ಬೀಳುವುದು ನಿಂತಿತು, ಒಂದು ಹಸಿರು ತಂತಿ ಮಾತ್ರ ಉಳಿಯಿತು, ಬೇಡದ್ದಿರಬೇಕು, ಟೇಪು ಸುತ್ತಿ ಒಳಗೆ ತುರುಕಿದ, ತವರಿಗೆಂದು ಸಂಭಾಜಿನಗರಕ್ಕೆ ಹೋದ ಹೆಂಡತಿ ಪ್ರಿಯಾ ಫೋನಿನಲ್ಲಿ, ಅದಕ್ಕ ಕೈ ಹಚ್ಚಬ್ಯಾಡ್ರಿ, ನಾ ಬಂದ ಮ್ಯಾಲ ನೋಡೋಣು, ಬರಲಿ, ಬಂದು ನೋಡಲಿ — ಮನ್ಮಥಾ, ನೀರು ಚುಮುಚುಮು ಅಂತಾವಲ್ಲೊ, ಅವ್ವನ ದನಿ, ಶುಗರಿಂದು ಅವ್ವಾ ಎನ್ನಬೇಕು, ಕಾಲು ಜುಮ್ಮೆನ್ನುತ್ತದೆಂದು ದಿನಾ ಅನ್ನುತ್ತಾಳಲ್ಲ, ಆದರೆ ನೀರಿಗೆ ಕರೆಂಟ್ ಇಳಿಯುತ್ತಿದೆ ಎಂದಿದ್ದನಲ್ಲ ಸಮೀರ, ಹಾಗಾದರೆ ಬೀಳುತ್ತಿದ್ದ ಆ ಸ್ವಿಚ್ಚು ಕೆಟ್ಟಿರಲಿಲ್ಲ, ಅದು ಜೀವ ಕಾಯುತ್ತಿತ್ತು, ಆ ಹಸಿರು ತಂತಿಯೂ ಅರ್ಥಿಂಗಿನದು, ಬಶಿ ಎಲ್ಲಿ ಬಿತ್ತೋ, ಓಡಿದ, ಮೇನ್ ಸ್ವಿಚ್ಚು ಕೆಳಗೆಳೆದ, ಫ್ಯಾನು ನಿಧಾನಕ್ಕೆ ನಿಲ್ಲುತ್ತಿದೆ, ಅವ್ವಾ, ಅವ್ವಾ, ಬಾಗಿಲು ಬಡಿದ, ಸ್ಟೇಷನ್ ಕಡೆಯಿಂದ ರೈಲಿನ ಉದ್ದನೆಯ ಕೂಗು, ಅದು ಮುಗಿಯುವುದೇ ಇಲ್ಲ, ಬಾಗಿಲಿಗೆ ಹೆಗಲು ಕೊಡಬೇಕು —

ಚಿಲಕ ಸರಿಯಿತು. ಒದ್ದೆ ಸೀರೆ ಸುತ್ತಿಕೊಂಡು ಅವ್ವ ನಿಂತಿದ್ದಾಳೆ, ಜೀವಂತ, ಯಾಕೊ, ಮತ್ತ ಲೈಟ್ ಹೋಯ್ತೇನು, ಅವನು ಅವಳನ್ನು ಬಚ್ಚಲಿನಿಂದ ಹೊರಗೆಳೆದುಕೊಂಡ, ಅವಳೋ ನಗುತ್ತಿದ್ದಾಳೆ, ಮುಂಜಾನೆ ಓವಿನೂ ಹಿಂಗೇ ಅಂತಿತ್ತು, ಆಜಿ, ಪಾಣಿ ಚಾವತಂಯ್, ನೀರು ಕಡೀತದಂತ, ಜಳಕಾ ತಪ್ಪಿಸ್ಲಿಕ್ಕಿ ನಾಟಕ ಮಾಡ್ತದಂತ ನಾನೇ ಗದರಿಸಿ ನಲ್ಲಿ ಹಿಡಿಸ್ದೆ — ಓವಿ, ಏಳು ವರ್ಷದ ಮಗಳು, ಈಗ ಶಾಲೆಯಲ್ಲಿದ್ದಾಳೆ, ಹಸಿ ಕೂದಲಲ್ಲೇ ತಾನೇ ರಿಕ್ಷಾ ಹತ್ತಿಸಿ ಬಂದಿದ್ದಾನೆ, ಅಪ್ಪನಿಗೆ ಕೈ ಬೀಸಿದಳು, ಏನೂ ಆಗಿಲ್ಲ, ಏನೂ ಆಗಲಿಲ್ಲ, ಆದರೂ ಸ್ಟೀಲಿನ ನಲ್ಲಿಯಿಂದ ಕಣ್ಣು ಕೀಳಲಾಗುತ್ತಿಲ್ಲ, ಅದರ ಮೇಲೊಂದು ಪುಟ್ಟ ಒದ್ದೆ ಕೈ, ಪ್ರಿಯಾಗೆ ಫೋನ್ ಮಾಡಬೇಕು, ಏನಂತ ಹೇಳುವುದು, ಆ ಕೈ, ಸಮೀರನನ್ನು ಕರೆಯಬೇಕು, ಆ ಕೈ, ಐದು ಪುಟ್ಟ ಬೆರಳು, ಒದ್ದೆ, ನಲ್ಲಿಯ ಸುತ್ತ ಬಿಗಿಯಾಗಿ