ಟಗರು ಕಿತ್ತುಕೊಂಡ ಸಿಳ್ಳು

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಗಾದೆ ಇದೆ. ಗೋಗಿ ಊರಿನ ಕುರಿಗಾರ ಅಯ್ಯಣ್ಣನಿಗೆ ಕಡಲೆಯ ಚಿಂತೆ ಇರಲಿಲ್ಲ. ಹಲ್ಲಿನ ಜೊತೆ ಅವನು ಕಳೆದುಕೊಂಡದ್ದು ಸಿಳ್ಳು.

ಶ್ರಾವಣದಲ್ಲಿ ಒಂದು ದಿನ ಕರಿ ಟಗರಿಗೆ ಔಷಧ ಕುಡಿಸಲು ಬಗ್ಗಿದ್ದ. ಅದು ತಲೆ ಎತ್ತಿ ಒಂದೇ ಗುದ್ದು ಗುದ್ದಿತು. ಮುಂದಿನ ಎರಡು ಹಲ್ಲು ನೆಲ ಕಂಡವು. ಹಲ್ಲಿಲ್ಲದಿದ್ದರೆ ರೊಟ್ಟಿ ನೆನೆಸಿ ತಿನ್ನಬಹುದು, ಸಿಳ್ಳಿಲ್ಲದ ಕುರಿಗಾರ ಏನು ಮಾಡಬೇಕು? ಊದಿದರೆ ಬರೀ ಗಾಳಿ. ಕುರಿಗಳು ಕಂಡವರ ಹತ್ತಿ ಹೊಲಕ್ಕೆ ನುಗ್ಗುತ್ತಿದ್ದವು. ಹೊಲದವರಿಂದ ಬೈಸಿಕೊಳ್ಳುವುದು ಅವನ ಪಾಲಿಗೆ, ಹಿಂಡಿನ ಹಿಂದೆ ಓಡುವುದು ಹೆಂಡತಿ ಅಂಬವ್ವನ ಪಾಲಿಗೆ. ಅವಳಿಗೋ ಮೊಣಕಾಲು ನೋವು. ಅವಳು ಕುಂಟುತ್ತ ಓಡುವುದನ್ನು ನೋಡಿದಾಗಲೆಲ್ಲ ಅಯ್ಯಣ್ಣ ತುಟಿ ಮಡಿಸಿ ಮತ್ತೊಮ್ಮೆ ಊದಿ ನೋಡುತ್ತಿದ್ದ.

ಯಾರೋ ಹೇಳಿದರೆಂದು ಸಂತೆಗೆ ಹೋಗಿ, ರಸ್ತೆ ಬದಿಯಲ್ಲಿ ಕೂತು ಹಲ್ಲು ಕಟ್ಟುವವನ ಕೈಯಲ್ಲಿ ತಂತಿ ಬಿಗಿಸಿ ಕೃತಕ ಹಲ್ಲು ಕೂಡಿಸಿಕೊಂಡು ಬಂದ. ಎಂಟು ದಿನಕ್ಕೆ ಮುಖ ಬಾತಿತು. ಅಂಬವ್ವ ಹೆದರಿ ಆಶಾ ಕಾರ್ಯಕರ್ತೆ ಶಿವಲೀಲಾಳನ್ನು ಕರೆತಂದಳು.

"ಅಯ್ಯ ಕಾಕಾ, ಒಸಡಿನ್ಯಾಗ ಕೀವು ಆಗ್ಯದ! ಮದ್ಲ ಡಾಕ್ಟರ್ ಕಡಿ ಹೋಗಿ ಈ ತಂತಿ ತೆಗಸ್ರಿ. ಬಿದ್ದ ಹಲ್ಲು ಏನ್ ಮಾಡಿದ್ರಿ?"

"ಸಗಣಿ ಉಂಡ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗದೆ. ಸಣ್ಣಾಂವ ಇದ್ದಾಗ ನಮ್ಮವ್ವ ಹಂಗೇ ಒಗಸ್ತಿದ್ಲು."

ಶಿವಲೀಲಾಗೆ ನಗು ಬಂತು, ಹಿಂದೆಯೇ ಮರುಕವೂ ಬಂತು. "ಅದು ಹುಡುಗರ ಹಾಲುಹಲ್ಲಿಗೆ ಕಾಕಾ. ದೊಡ್ಡವರ ಹಲ್ಲು ಪೆಟ್ಟು ತಗಲಿ ಬಿದ್ರ, ಬೇರು ಮುಟ್ಟದಂಗ ಹಿಡಿದು, ಹಾಲಿನ್ಯಾಗ ಹಾಕ್ಕೊಂಡು ತಾಸಿನೊಳಗ ಡಾಕ್ಟರ್ ಕಡಿ ಓಡಬೇಕು. ಎಷ್ಟೋ ಸಲ ಅದೇ ಹಲ್ಲು ತಿರುಗಿ ಕೂಡ್ತದ."

ನೂರು ಕುರಿ ಇದ್ದ ಮನೆ. ಹಾಲಿಗೇನು ಬರವಿತ್ತು? ಅಯ್ಯಣ್ಣ ಮಾಳಿಗೆಯತ್ತ ನೋಡಿದ.

"ಈಗೂ ದಾರಿ ಅದ. ಇಂಪ್ಲಾಂಟ್ ಅಂತಾರ. ದವಡಿ ಎಲುಬಿನ್ಯಾಗ ಸಣ್ಣ ಸ್ಕ್ರೂ ಕೂಡಿಸಿ, ಅದರ ಮ್ಯಾಲ ಹಲ್ಲು ಹಾಕ್ತಾರ."

"ಎಲುಬಿಗೇ ತೂತು ಹೊಡೀತಾರ? ಬ್ಯಾಡವಾ! ಮ್ಯಾಲಿನ ಹಲ್ಲಿಗಿ ಕೈ ಹಚ್ಚಿದ್ರ ಕಣ್ಣು ಹೋಗ್ತಾವಂತ. ಸಿಳ್ಳಂತೂ ಹೋಗ್ಯದ, ಕಣ್ಣೂ ಹೋದ್ರ ಕುರಿನೇ ನನ್ನ ಕಾಯಬೇಕು."

"ಹಲ್ಲಿನ ಕೆಲಸದಿಂದ ಕಣ್ಣು ಹೋಗಂಗಿಲ್ಲ ಕಾಕಾ. ಸೂಜಿ ಕೊಟ್ಟು ಜೋಮು ಹಿಡಿಸಿ ಮಾಡ್ತಾರ. ಅದಿರಲಿ, ಹಟ್ಟಿಗಿ ಗೂಟ ಹುಗೀತೀರಲ್ಲ, ಹಸಿ ಮಣ್ಣಾಗ ಹುಗದ ಕೂಡ್ಲೇ ಹಗ್ಗದ ಬಲಿ ಕಟ್ಟಿ ಜಗ್ಗತೀರೇನು?"

"ಹ್ಯಾಂಗ ಜಗ್ಗತಾರ? ಗೂಟ ಕಿತ್ತು ಬರ್ತದ. ಮಣ್ಣು ಗಟ್ಟಿ ಆಗಬೇಕು."

"ಇದೂ ಹಂಗೇ. ಮೂರ್ನಾಕು ತಿಂಗಳು ಎಲುಬು ಆ ಸ್ಕ್ರೂನ ಬಿಗಿ ಹಿಡಿಬೇಕು, ಆಮ್ಯಾಲ ಹಲ್ಲು. ಆದ್ರ ತಂಬಾಕು ಬಿಡಬೇಕು. ಸಕ್ಕರಿ ಬ್ಯಾನಿ ಇದ್ರ ಹತೋಟ್ಯಾಗ ಇಡಬೇಕು."

"ರೊಕ್ಕ ಭಾಳ ಆಗ್ತದೇನು?" ಅಂಬವ್ವ ಮೆಲ್ಲಗೆ ಕೇಳಿದಳು.

"ಸುಳ್ಳ್ಯಾಕ ಹೇಳ್ಲಿ ಕಾಕಿ, ಖರ್ಚು ಜಾಸ್ತಿನೇ. ಆಗಲಿಲ್ಲಂದ್ರ ಬೇಕಾದಾಗ ಹಾಕಿ ತೆಗಿಯೋ ಹಲ್ಲು ಅವ, ಆಜುಬಾಜು ಹಲ್ಲಿನ ಆಧಾರಕ್ಕ ಕೂಡಿಸೋದೂ ಅದ. ಯಾವುದು ಸರಿ ಅಂತ ಡಾಕ್ಟರ್ ಹೇಳ್ತಾರ."

ಅಯ್ಯಣ್ಣ ಹೆಂಡತಿಯ ಊದಿದ ಮೊಣಕಾಲು ನೋಡಿದ. ಆಮೇಲೆ ಅಂಗಳದಲ್ಲಿ ಮೆಲುಕು ಹಾಕುತ್ತಿದ್ದ ಕರಿ ಟಗರನ್ನು ನೋಡಿದ.

"ಕಿತ್ತಾಂವನೇ ಕೊಡ್ಲಿ," ಅಂದ. ಟಗರು ಸಂತೆ ದಾರಿ ಹಿಡಿಯಿತು.

ಯಾದಗಿರಿಯಲ್ಲಿ ಹಲ್ಲಿನ ಡಾಕ್ಟರು ತಂತಿ ತೆಗೆದು ಒಸಡು ವಾಸಿ ಮಾಡಿದರು. ಎಕ್ಸ್‌ರೇ, ರಕ್ತ ಪರೀಕ್ಷೆ ಆಯಿತು. ಕಲಬುರಗಿಯ ದಂತ ಕಾಲೇಜಿನಲ್ಲಿ ಸ್ಕ್ರೂ ಕೂಡಿಸಿದರು. ಕಾಯುವ ತಿಂಗಳುಗಳಲ್ಲಿ ಅಂಬವ್ವ ಅವನ ತಂಬಾಕಿನ ಚೀಲಕ್ಕೆ ಬಡೇಸೋಪು ತುಂಬಿಟ್ಟಳು. ಮೊದಮೊದಲು ಗೊಣಗಿದ, ಆಮೇಲೆ ಅದನ್ನೇ ಅಗಿದ. ಬೇಸಿಗೆ ಹೊತ್ತಿಗೆ ಹಲ್ಲು ಕೂತವು.

ಒಂದು ಮಧ್ಯಾಹ್ನ ಗಂಡ ಹೆಂಡತಿ ಕಾಲುವೆ ದಂಡೆಯ ಜಾಲಿ ನೆರಳಲ್ಲಿ ರೊಟ್ಟಿ ಬಿಚ್ಚಿದ್ದರು. ಹಿಂಡು ಭತ್ತದ ಗದ್ದೆಯತ್ತ ತಿರುಗಿತು. ಅಂಬವ್ವ ಮೊಣಕಾಲು ಹಿಡಿದುಕೊಂಡು ಏಳಲು ಹೋದಳು. ಅಯ್ಯಣ್ಣ ಅವಳ ಭುಜದ ಮೇಲೆ ಕೈ ಇಟ್ಟ.

"ನೀ ಕೂಡು."

ಒಮ್ಮೆ ಊದಿದ, ಗಾಳಿ ಬಂತು. ಮತ್ತೊಮ್ಮೆ ಊದಿದ, ಮತ್ತೂ ಗಾಳಿ. ಮೂರನೆಯ ಸಲ ಸಿಳ್ಳು ಕಾಲುವೆ ದಾಟಿ ಹೋಯಿತು. ಮುಂದಿದ್ದ ಮುದಿ ಕುರಿ ತಲೆ ಎತ್ತಿ ನಿಂತಿತು. ಹಿಂಡಿಗೆ ಹಿಂಡೇ ತಿರುಗಿ ಬಂತು. ಅಂಬವ್ವ ಕೂತಲ್ಲೇ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಲ್ಲು ಹೋಯಿತೆಂದು ಬಾಯಿ ಮುಚ್ಚಿಕೊಂಡು ಓಡಾಡುವವರು ಇರಬಹುದು. ರಸ್ತೆ ಬದಿಯ ತಂತಿಗೆ ಬಾಯಿ ಒಡ್ಡಬೇಡಿ. ಓದಿದ ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ, ನಿಮಗೆ ಯಾವುದು ಸರಿ ಎಂದು ಕೇಳಿ. ಮಕ್ಕಳ ಹಾಲುಹಲ್ಲು ಬೇಕಾದರೆ ಮಾಳಿಗೆಗೆ ಹೋಗಲಿ, ದೊಡ್ಡವರ ಹಲ್ಲು ಪೆಟ್ಟು ತಗಲಿ ಬಿದ್ದರೆ ಹಾಲಿನ ಲೋಟದಲ್ಲಿ ಕೂತು ಆಸ್ಪತ್ರೆಗೆ ಹೋಗಲಿ.