ಗೌರಿಯ ಜೋಕಾಲಿಗೆ ಒಂದು ಸೂಜಿ

ಹೊಟ್ಟೆಕಿಚ್ಚಿಗೆ ಹೊಗೆ ಇಲ್ಲ ಎನ್ನುತ್ತಾರೆ. ಇದ್ದಿದ್ದರೆ ಬೈಲಹೊಂಗಲದ ಆ ಮನೆಯಲ್ಲಿ ಅಂದು ಒಲೆ ಹೊತ್ತಿಸುವ ಮೊದಲೇ ಎಲ್ಲರ ಕಣ್ಣು ಉರಿಯುತ್ತಿದ್ದವು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮೇಲೆ ಬಂದ ಮೊದಲ ಚೈತ್ರ. ಗಂಗೂಬಾಯಿ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಕಡಲೆ ಆರಿಸುತ್ತಿದ್ದಳು. ಕೈ ಕಡಲೆಯಲ್ಲಿ, ಕಣ್ಣು ಪಡಸಾಲೆಯಲ್ಲಿ. ಅಲ್ಲಿ ಮೈದುನ ಪಾಂಡುರಂಗನ ಹೆಂಡತಿ ಲೀಲಾಬಾಯಿ ಕುಳಿತಿದ್ದಳು. ಎದುರಿಗೆ ಅವಳ ಅಣ್ಣ ವೆಂಕಣ್ಣ, ಸವದತ್ತಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಇಬ್ಬರ ನಡುವೆ ಹಳೆಯ ಧೋತರದ ತುಂಡಿನ ಮೇಲೆ ಗಂಗೂಬಾಯಿಯ ಗಂಡ ಮಾಡಿದ ಜೋಕಾಲಿ ಬಿಚ್ಚಿ ಬಿದ್ದಿತ್ತು.

ನೀಲಕಂಠರಾಯರದು ಪುರಾಣ ಹೇಳುವ ಮನೆತನ. ಆದರೆ ಅವರು ಹಿಡಿದದ್ದು ಗಡಿಯಾರ ರಿಪೇರಿ. ಊರವರ ಗಡಿಯಾರಗಳಿಂದ ಉಳಿದ ಹಿತ್ತಾಳೆಯ ಚೂರುಗಳನ್ನು ಕೂಡಿಸಿ, ಕೊರೆದು, ಬೆಸೆದು, ಚೈತ್ರಗೌರಿಗಾಗಿ ಒಂದು ಅಂಗಳವನ್ನೇ ಕಟ್ಟಿದ್ದರು. ಬೊಗಸೆಯಷ್ಟು ಬಾವಿ, ಅದಕ್ಕೆ ತಿರುಗುವ ರಾಟೆ, ಹೆಬ್ಬೆರಳಿನಷ್ಟು ಆಕಳು, ಅದರ ಕರು, ಕೊಡ ಹೊತ್ತ ಹೆಣ್ಣು. ನಡುವೆ ಗೇಣುದ್ದದ ಎರಡು ಕಂಬ, ಮೇಲೊಂದು ತೊಲೆ, ತೊಲೆಗೆ ಸರಪಳಿ, ಸರಪಳಿಗೆ ಮಣೆ. ಚೈತ್ರದಲ್ಲಿ ಗೌರಿ ತವರಿಗೆ ಬರುತ್ತಾಳೆ. ಅವಳನ್ನು ಆ ಮಣೆಯ ಮೇಲೆ ಕೂಡ್ರಿಸಿ, ಸುತ್ತ ಅಲಂಕಾರಕ್ಕೆ ಈ ಆರಾಸ ಹೂಡಿ, ಓಣಿಯ ಮುತ್ತೈದೆಯರನ್ನು ಅರಿಷಿಣ-ಕುಂಕುಮಕ್ಕೆ ಕರೆಯುವುದು ಮನೆಯ ರೂಢಿ. ಬಂದವರು ಕಡಲೆಯ ಉಡಿ ತುಂಬಿಸಿಕೊಳ್ಳುವ ಮೊದಲು ದೇವಿಯನ್ನೊಮ್ಮೆ ತೂಗುವರು. ಕರೆಯುವವಳು ಗಂಗೂಬಾಯಿ, ಹೊಗಳಿಸಿಕೊಳ್ಳುವವಳೂ ಗಂಗೂಬಾಯಿ.

ರಾಯರು ತೀರಿಕೊಂಡ ವರ್ಷ ಗೌರಿ ಕೂಡಲಿಲ್ಲ. ಈ ಸಲ ಕರೆಯುವವಳು ಲೀಲಾಬಾಯಿ. ವಿಧವೆಯಾದವಳು ಒಳಗೇ ಇರತಕ್ಕದ್ದು. ಆ ಶಾಸ್ತ್ರಕ್ಕೆ ಗಂಗೂಬಾಯಿ ಎದುರಾಡಲಿಲ್ಲ. ಆದರೆ ಅಟ್ಟದಿಂದ ಟ್ರಂಕು ಇಳಿಸುವಾಗ ಲೀಲಾಬಾಯಿಯ ಕೈ ಜಾರಿ ತೊಲೆ ಕಳಚಿತಲ್ಲ, ಆಗ ಅವಳು ಪಕ್ಕದಲ್ಲೇ ನಿಂತಿದ್ದ ಗಂಗೂಬಾಯಿಯನ್ನು ಒಂದು ಮಾತು ಕೇಳಲಿಲ್ಲ. ಪ್ರತಿ ಬೆಸುಗೆಯನ್ನೂ ಹಿಡಿದು ಕುಳಿತ ಕೈ ಇದು. ಇದನ್ನು ಬಿಟ್ಟು ಸವದತ್ತಿಗೆ ಹೇಳಿಕಳಿಸಿದ್ದಳು.

“ವೈನಿ, ನೀವು ದಣೀಬ್ಯಾಡ್ರಿ. ನಮ್ಮಣ್ಣ ಕೂದಲಿನಂಥಾ ತಂತಿ ಹಚ್ಚೂ ಮನಶ್ಯಾ, ಇದೇನ ದೊಡ್ಡದು?” ಎಂದಿದ್ದಳು.

ವೆಂಕಣ್ಣ ಎರಡು ಟ್ಯೂಬಿನ ಅಂಟನ್ನು ಕಡ್ಡಿಯಿಂದ ಕಲಸುತ್ತಿದ್ದ. “ಇದನ್ನ ವಿಮಾನಕ್ಕ ಹಚ್ಚತಾರಂತ ಲೀಲಾ.”

“ನಮ್ಮ ಗೌರಿಗೆ ವಿಮಾನ ಬ್ಯಾಡೋ ಮಾರಾಯಾ. ಜೋಕಾಲಿ ಆಡಿದ್ರ ಸಾಕು.”

ಅಣ್ಣತಂಗಿ ನಕ್ಕರು. ಆ ನಗೆಯೂ ತನ್ನ ಮನೆಯಿಂದಲೇ ಕದ್ದ ವಸ್ತುವಿನಂತೆ ಗಂಗೂಬಾಯಿಗೆ ಕಂಡಿತು.

“ಸೂಜಿ ಹಾಕೂದಿಲ್ಲೇನಪಾ ವೆಂಕಣ್ಣಾ?” ಎಂದಳು.

“ಯಾವ ಸೂಜಿರಿ ಅಕ್ಕಾರ?”

“ಕಂಬಕ್ಕೂ ತೊಲಿಗೂ ನಡುವ.”

“ಅದು ಹಳೀ ಪದ್ಧತಿರಿ. ಈಗ ಅಂಟಽ ಕಬ್ಬಿಣ ಆಗತದ.”

ರಾಯರು ಹೇಳುತ್ತಿದ್ದರು: ಅಂಟು ಮಾಂಸ ಇದ್ದಂಗ, ಸೂಜಿ ಎಲುವು ಇದ್ದಂಗ. ಆ ಮಾತು ಗಂಗೂಬಾಯಿಯ ನಾಲಿಗೆಯ ತುದಿಗೆ ಬಂದು ಅಲ್ಲಿಯೇ ನಿಂತಿತು. ಅದರ ಹಿಂದೆ ಇನ್ನೊಂದು ಮಾತು ಬಂದು ಕುಳಿತಿತ್ತು: ಬೀಳಲಿ. ಶುಕ್ರವಾರ ಓಣಿಯೆಲ್ಲ ಕೂಡಿದಾಗ ಬೀಳಲಿ. ಆ ಮಾತು ಬೆಲ್ಲದ ಚೂರಿನಂತೆ ಬಾಯಲ್ಲಿ ಕರಗಿತು. ಅವಳು ಮತ್ತೆ ಕಡಲೆ ಆರಿಸತೊಡಗಿದಳು.

ಆದರೆ ಸಂಜೆ ದೇವರ ಮುಂದೆ ದೀಪ ಹಚ್ಚುವಾಗ ಬೆಲ್ಲ ಕಹಿಯಾಯಿತು. ಬೀಳುವುದು ಯಾರು? ಗೌರಿ. ತುಂಬಿದ ಮನೆಯಲ್ಲಿ ದೇವಿ ಮಣೆಯಿಂದ ಉರುಳಿದರೆ ಮಂದಿ ಯಾರ ಕುಂಕುಮದ ಮಾತಾಡುತ್ತಾರೆ? ಲೀಲಾಬಾಯಿಯದು. ಅಂದರೆ ಪಾಂಡುರಂಗನದು, ತಾನು ಈ ಮನೆಗೆ ಬಂದಾಗ ಇನ್ನೂ ಕೈತುತ್ತು ಉಣ್ಣುತ್ತಿದ್ದ ಹುಡುಗನದು. ತಾಯೀ, ನನ್ನ ಬಾಯಿಗೆ ಬೆಂಕಿ ಹಾಕು ಎಂದು ಗಲ್ಲ ಬಡಿದುಕೊಂಡಳು.

ಮರುದಿನ ವೆಂಕಣ್ಣ ಸವದತ್ತಿಯ ಬಸ್ಸು ಹತ್ತಿದ. ಮಧ್ಯಾಹ್ನ ಲೀಲಾಬಾಯಿ ಕುಂಕುಮದ ಭರಣಿ ಹಿಡಿದು ಮನೆ ಮನೆಗೆ ಕರೆಯಲು ಹೋದಳು. ಗಂಗೂಬಾಯಿ ಗಂಡನ ಹತಾರದ ಪೆಟ್ಟಿಗೆ ತೆಗೆದು ಜೋಕಾಲಿಯ ಮುಂದೆ ಕುಳಿತಳು. ಅಂಟು ಹಿಡಿದಿದೆಯೇ ನೋಡಲು ತೊಲೆಯನ್ನು ಸ್ವಲ್ಪ ತಿರುವಿದಳು. ಒಣಗಿದ ಹುಣಸೆಯ ಸಿಪ್ಪೆಯಂತೆ ಅದು ಎರಡೂ ಕಂಬ ಬಿಟ್ಟು ಕೈಗೆ ಬಂತು. ಹಿತ್ತಾಳೆಯ ಮೇಲೆ ಎಣ್ಣೆಯ ಜಿಡ್ಡು. ಹುಣಸೆಹುಳಿಯಿಂದ ತಿಕ್ಕಿ, ಹೊಳಪಿಗೆಂದು ದೇವರ ಸಾಮಾನಿಗೆಲ್ಲ ಕೊಬ್ಬರಿ ಎಣ್ಣೆ ಸವರುವುದು ಆ ಮನೆಯ ಹೆಂಗಸರ ಅಭ್ಯಾಸ. ಎಣ್ಣೆಯ ಮೇಲೆ ವಿಮಾನದ ಅಂಟಾದರೂ ನಿಂತೀತೇ?

ಮುಚ್ಚಿಟ್ಟು ಏನು ಪ್ರಯೋಜನ, ಅದು ಮುರಿದ ಗಳಿಗೆಯಲ್ಲಿ ಅವಳಿಗೆ ಸಂತೋಷವೇ ಆಯಿತು. ಆ ಸಂತೋಷ ಮುಖದ ಮೇಲಿರುವಾಗಲೇ ಲೀಲಾಬಾಯಿ ಬಾಗಿಲಲ್ಲಿ ಬಂದು ನಿಂತಳು.

“ಗೊತ್ತಿತ್ತು ನನಗ,” ಎಂದಳು. ದನಿ ಏರಲಿಲ್ಲ. “ನಾ ಕರಿಯೂದು ನಿಮಗ ಸೇರೂದಿಲ್ಲ ಅಂತ ಗೊತ್ತಿತ್ತು.”

“ಸೇರೂದಿಲ್ಲ. ಅದು ಖರೆ.”

“ಅದಕ್ಕ ಮುರದ್ರಿ.”

“ಮುರಿಯೂ ಹಂಗ ಇತ್ತು, ಮುರದೆ. ಬಟ್ಟು ಹಚ್ಚಿ ನೋಡು, ಎಣ್ಣಿ. ಶುಕ್ರವಾರ ಮಂದಿ ಮುಂದ ಬೀಳತಿತ್ತು. ಬೀಳಲಿ ಅಂತ ನಿನ್ನೆ ಬಾಯಿ ಮುಚಿಗೊಂಡು ಕುಂತೆ. ಅದೂ ಖರೆ.”

ಲೀಲಾಬಾಯಿ ತೊಲೆಯ ತುದಿಗೆ ಬೆರಳು ಹಚ್ಚಿ ಉಜ್ಜಿದಳು. ಬೆರಳು ಜಿಡ್ಡಾಯಿತು. ಆಮೇಲೆ ಭರಣಿ ಕೆಳಗಿಟ್ಟು ಎದುರಿಗೆ ಕುಳಿತಳು.

“ಈಗೇನ ಮಾಡೂದ್ರಿ ವೈನಿ?”

“ಹಿಡಿಯೂದಕ್ಕ ಒಂದು ಕೈ ಬೇಕು.”

ಗಂಗೂಬಾಯಿ ಬೂದಿಯಿಂದ ಜಿಡ್ಡು ತೆಗೆದಳು. ಕೂಡುವ ಮೈಯನ್ನು ಅರದಿಂದ ಉಜ್ಜಿ ಒರಟು ಮಾಡಿದಳು. ಹಳೆಯ ಸೂಜಿಗಳು ತೂತಿನಲ್ಲೇ ಮುರಿದು ಕೂತಿದ್ದವು. ಅವುಗಳ ಪಕ್ಕದಲ್ಲಿ ಕಂಬದ ನೆತ್ತಿಯ ಮೇಲೆ ಬೈರಿಗೆ ಇಟ್ಟು ಬೆರಳುಗಳ ನಡುವೆ ಹೊಸೆಯುತ್ತ ಹೋದಂತೆ ಹಿತ್ತಾಳೆಯ ಪುಡಿ ಅರಿಷಿಣದಂತೆ ಉದುರಿತು. ದಬ್ಬಣವೊಂದನ್ನು ಕತ್ತರಿಸಿ ಎರಡು ತುಂಡು ಮಾಡಿ, ಎರಡೂ ಕಂಬದ ತೂತಿನಲ್ಲಿ ನಿಲ್ಲಿಸಿದಳು. ಇನ್ನು ತೊಲೆಯಲ್ಲಿ ಅದೇ ಜಾಗಕ್ಕೆ ತೂತು ಬೀಳಬೇಕು. ಎಳ್ಳಿನಷ್ಟು ಸರಿದರೂ ಜೋಕಾಲಿ ಸೊಟ್ಟ. ಅದಕ್ಕೆ ರಾಯರು ಸೂಜಿಯ ತುದಿಗೆ ಹಸಿ ಕುಂಕುಮ ಹಚ್ಚಿ ತೊಲೆಯನ್ನು ಒತ್ತುತ್ತಿದ್ದರು. ಕೆಂಪು ಬಿದ್ದಲ್ಲಿ ಕೊರೆಯಬೇಕು. ಕುಂಕುಮ ಹೆಂಡತಿಯ ಕರಡಿಗೆಯದು.

ಗಂಗೂಬಾಯಿಯ ಕೈ ಭರಣಿಯ ಹತ್ತಿರ ಹೋಗಿ ನಿಂತಿತು. “ನೀ ಹಚ್ಚು,” ಎಂದಳು.

“ನೀವಽ ಹಚ್ರಿ. ಯಾರು ನೋಡತಾರ?”

“ಆಕಿ ನೋಡತಾಳ,” ಎಂದು ದೇವರ ಕೋಣೆಯ ಕಡೆ ಕಣ್ಣು ಮಾಡಿದಳು.

ಲೀಲಾಬಾಯಿ ಬೆರಳು ಒದ್ದೆ ಮಾಡಿ ಕುಂಕುಮದಲ್ಲಿ ಅದ್ದಿ ಎರಡೂ ಸೂಜಿಗೆ ಮುಟ್ಟಿಸಿದಳು. ಆ ಕೆಂಪು ಬೆರಳನ್ನು ನೋಡಿದಾಗ ಗಂಗೂಬಾಯಿಯ ಎದೆಯಲ್ಲಿ ಮತ್ತೆ ಅದೇ ಕಿಚ್ಚು. ಈ ಸಲ ಅದಕ್ಕೆ ಜೋಕಾಲಿಯ ನೆಪವೂ ಇರಲಿಲ್ಲ. ತುಟಿ ಕಚ್ಚಿ ತೊಲೆಯನ್ನು ನೆಟ್ಟಗೆ ಇಳಿಸಿದಳು, ಎತ್ತಿದಳು, ಗುರುತಿನ ಮೇಲೆ ಕೊರೆದಳು. ವೆಂಕಣ್ಣ ಬಿಟ್ಟುಹೋದ ಅಂಟನ್ನು ಸಮಸಮ ಕಲಸಿ ತುಂಬಿ ಕೂಡಿಸಿದಳು. ಅಂಟು ಹಿಡಿಯುವವರೆಗೆ ಇಬ್ಬರೂ ಒಂದೊಂದು ಕಂಬ ಹಿಡಿದು ಕುಳಿತರು.

ಶುಕ್ರವಾರ ಓಣಿ ತುಂಬಿ ಬಂತು. ಗಂಗೂಬಾಯಿ ಒಳಗೆ ಮಾವಿನಕಾಯಿಯ ಕೋಸಂಬರಿ ಕಲಸುತ್ತಿದ್ದಳು. ಹೊರಗೆ ಎದುರುಮನೆಯ ಭಾಗೀರಥಿಬಾಯಿಯ ದನಿ ಕೇಳಿಸಿತು.

“ಲೀಲಾ, ನಮ್ಮ ಮೊಮ್ಮಗಳು ಜಗ್ಗಿ ಜಗ್ಗಿ ತೂಗಿದಳು, ತೊಲಿ ಅಲಗಲಿಲ್ಲ ನೋಡು. ನಿಮ್ಮಣ್ಣನ ಕೈ ಭಾಳ ಗಟ್ಟಿ ಅದ.”

ಗಂಗೂಬಾಯಿಯ ಕೈ ಪಾತ್ರೆಯಲ್ಲಿ ನಿಂತಿತು.

“ಅಣ್ಣಂದಲ್ರಿ,” ಎಂದಳು ಲೀಲಾಬಾಯಿ. “ನೀಲಕಂಠ ಭಾವನವರ ಕೆಲಸ. ಸೂಜಿ ನಮ್ಮ ವೈನಿ ಹಾಕ್ಯಾರ.”

ಬೇಕಾದದ್ದು ಬಂದಿತ್ತು. ಆದರೂ ಕಿಚ್ಚು ಆರಲಿಲ್ಲ. ಆ ಹೆಸರನ್ನು ಗಂಗೂಬಾಯಿ ಲಗ್ನದಲ್ಲಿ ಒಡಪು ಕಟ್ಟಿ ಹೇಳಿದ್ದಷ್ಟೇ. ಗಂಡನ ಹೆಸರು ಹೆಂಡತಿ ಹೇಳಬಾರದು. ಲೀಲಾಬಾಯಿ ಅದನ್ನು ತುಂಬಿದ ಮನೆಯಲ್ಲಿ ಎಷ್ಟು ಸಲೀಸಾಗಿ ಹೇಳಿಬಿಟ್ಟಳು.

ಪಾನಕ ಒಯ್ಯಲು ಅವಳು ಒಳಗೆ ಬಂದಾಗ ಗಂಗೂಬಾಯಿ ತಲೆ ಎತ್ತದೆ ಕೇಳಿದಳು. “ಇನ್ನೊಮ್ಮೆ ಹೇಳು.”

“ಏನ್ರಿ?”

“ಅವರ ಹೆಸರು.”

ಲೀಲಾಬಾಯಿ ಪಾನಕದ ತಂಬಿಗೆ ಕೆಳಗಿಟ್ಟು, ಪಕ್ಕದಲ್ಲಿ ಕುಳಿತು, ಮೆಲ್ಲಗೆ ಹೇಳಿದಳು.