ಅಳತೆಗೆ ಸಿಕ್ಕ ವಕೀಲರು

ಎರಡನೇ ಚೀಲದ ಜಿಪ್ಪು ಎಳೆಯಲು ಬಾರದೆ ಗುಂಡಿಯಕ್ಕ ಅದರ ಮೇಲೆ ಮೊಣಕಾಲೂರಿ ಕೂತಿದ್ದಳು. ಇಪ್ಪತ್ತೆಂಟು ವರ್ಷ ಟೈಲರಮ್ಮನ ಅಂಗಡಿಯಲ್ಲಿ ಕಾಜಾ ಮಾಡಿ ಗುಂಡಿ ಹಚ್ಚಿದವಳಿಗೆ ಗಿರಾಕಿಗಳು ಇಟ್ಟ ಹೆಸರದು. ಅಂಗಡಿಯ ಹಿಂದೆ ಎರಡು ಕೋಣೆ. ಒಂದರಲ್ಲಿ ಟೈಲರಮ್ಮ, ಇನ್ನೊಂದರಲ್ಲಿ ಇವಳು. ಬೆಳಿಗ್ಗೆಯೇ ಟೈಲರಮ್ಮನನ್ನು ಸ್ಮಶಾನಕ್ಕೆ ಒಯ್ದು, ಎಲ್ಲ ಮುಗಿಸಿ ಬಂದಾಗಿತ್ತು. ರಕ್ತಸಂಬಂಧ ಇಲ್ಲದವಳು ಇನ್ನು ಯಾವ ಮುಖ ಇಟ್ಟುಕೊಂಡು ಇಲ್ಲಿರುವುದು? ಯಾರಾದರೂ ಹೊರಡು ಎನ್ನುವ ಮೊದಲೇ ಹೊರಟರೆ ಮರ್ಯಾದೆ ಎಂದುಕೊಂಡಿದ್ದಳು. ಎಲ್ಲಿಗೆ ಎಂಬುದು ಮಾತ್ರ ಅವಳಿಗೇ ಗೊತ್ತಿರಲಿಲ್ಲ, ಪಾಪ.

ಮುಂದೆ ಅಂಗಡಿಯಲ್ಲಿ ಟೈಲರಮ್ಮನ ಮೈದುನನ ಗಂಟಲು ಜೋರಾಗಿತ್ತು.

"ಬೀದಿಗೆ ಮುಖ ಮಾಡಿರೋ ಜಾಗ ಕಣೋ. ಆ ಹಿಂದಿನ ಗೋಡೆ ಒಡೆಸಿಬಿಟ್ರೆ ನಾಳೆನೇ ಬಾಡಿಗೆಗೆ ಹೋಗುತ್ತೆ."

"ಅಮ್ಮನ್ನ ಕಳಿಸಿ ಮೂರು ಗಂಟೆ ಆಗಿಲ್ಲ, ಚಿಕ್ಕಪ್ಪ," ಎಂದ ಟೈಲರಮ್ಮನ ಮಗ. ಅವನು ಬೇರೆ ಊರಿನಲ್ಲಿ ಬಸ್ಸು ಓಡಿಸುತ್ತಿದ್ದ. "ವಕೀಲರು ಬರ್ತೀನಿ ಅಂದಿದಾರೆ. ಸ್ವಲ್ಪ ತಾಳಿ."

"ವಕೀಲರಾ? ಅತ್ತಿಗೆಗೆ ವಕೀಲರ ಕೋಟು ಹೊಲಿಯೋದು ಗೊತ್ತಿತ್ತು. ವಕೀಲರನ್ನ ಹಿಡಿಯೋದು ಯಾವಾಗ ಕಲಿತ್ರು?"

* * *

ಎರಡು ವರ್ಷದ ಹಿಂದೆ, ಹೃದಯ ದಣಿದಿದೆ ಎಂದು ಡಾಕ್ಟರು ಹೇಳಿ ಕಳಿಸಿದ ವಾರ, ಟೈಲರಮ್ಮ ಅಳತೆ ಪುಸ್ತಕದಿಂದ ಒಂದು ಹಾಳೆ ಕಿತ್ತು ಏನೋ ಬರೆದರು. ಕೆಳಗೆ ಗುಂಡಿಯಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡರು. ಏನದು ಎಂದರೆ, "ಒತ್ತೇ ಸುಮ್ನೆ, ನಿನ್ನಷ್ಟು ನಂಬಿಕಸ್ಥರು ಇನ್ಯಾರಿದಾರೆ?" ಎಂದರು.

ಆಮೇಲೆ ಹೊಸ ರೂಢಿಯೊಂದು ಶುರುವಾಯಿತು. ಊರಿನ ಅರ್ಧ ವಕೀಲರ ಕರಿಕೋಟು ಈ ಅಂಗಡಿಯದೇ. ವಕೀಲರೇ ಬಂದು ಒಯ್ಯುತ್ತಿದ್ದ ಕೋಟುಗಳನ್ನು ಟೈಲರಮ್ಮ ಈಗ ಗುಂಡಿಯಕ್ಕನ ಕೈಲಿ ಕಳಿಸತೊಡಗಿದರು. ಹಿಂದಿರುಗಿದ ಕೂಡಲೇ ವಿಚಾರಣೆ.

"ಕೂತ್ಕೋ ಅಂದ್ರೇನೇ?"

"ಒಬ್ರು ಬಾಗಿಲಲ್ಲೇ ಇಸ್ಕೊಂಡ್ರು. ಇನ್ನೊಬ್ರು ಫೋನಲ್ಲಿದ್ರು, ಮುಖಾನೂ ನೋಡಲಿಲ್ಲ."

"ಔಷಧಿ ಅಂಗಡಿ ಮೇಲಿರೋರು?"

"ಅವರು ಕೂರಿಸಿದ್ರಮ್ಮ. ಕೋಟು ತಲುಪಿತು ಅಂತ ಚೀಟಿ ಬರೆದುಕೊಟ್ರು. ನನಗೆ ಓದಕ್ಕೆ ಬರಲ್ಲ ಅಂದೆ. ಅದಕ್ಕೆ ಪೂರ್ತಿ ಓದಿ ಹೇಳಿದ್ರು. ಇರೋದು ಎರಡು ಸಾಲು! ಅರ್ಥ ಆಯ್ತಾ ಅಂತ ಬೇರೆ ಕೇಳಿದ್ರು. ತಲೆ ನೆಟ್ಟಗಿದೆಯೋ ಇಲ್ವೋ."

ಟೈಲರಮ್ಮ ನಗುತ್ತಾ ಮಿಷಿನ್ನು ತುಳಿದರು.

* * *

ಔಷಧಿ ಅಂಗಡಿ ಮೇಲಿನ ವಕೀಲರು ಬಂದವರೇ, "ಗುಂಡಿಯಕ್ಕನೂ ಬಂದು ಕೂರಲಿ," ಎಂದರು. ಅವಳು ಗೋಡೆ ಹಿಡಿದು ನಿಂತಳು. ಅವಳು ಕೂರುವ ತನಕ ಅವರು ಕಾಗದ ತೆಗೆಯಲಿಲ್ಲ. ಆಮೇಲೆ ಟೈಲರಮ್ಮನ ಉಯಿಲು ಓದಿ ಹೇಳಿದರು. ಊರಾಚೆಯ ಸೈಟು ಮಗನಿಗೆ. ಅಂಗಡಿ, ಮಿಷಿನ್ನು, ಹಿಂದಿನ ಎರಡೂ ಕೋಣೆ ಗುಂಡಿಯಕ್ಕನಿಗೆ.

"ಅವಳು ನಮಗೇನಾಗ್ಬೇಕು?" ಎಂದ ಮೈದುನ.

"ನೀವು ಹೀಗೇ ಕೇಳ್ತೀರಿ ಅಂತ ಅವರು ಮೊದಲೇ ಹೇಳಿದ್ರು," ಎಂದು ವಕೀಲರು ನಕ್ಕರು. "ಮೊದಲು ಒಂದು ಅಳತೆ ಹಾಳೇಲಿ ತಾವೇ ಬರ್ಕೊಂಡು ಬಂದಿದ್ರು. ನೋಡಿದ್ರೆ ಸಾಕ್ಷಿ ಅಂತ ಈಕೆದೇ ಹೆಬ್ಬೆಟ್ಟು! ಯಾರಿಗೆ ಆಸ್ತಿ ಬರುತ್ತೋ ಅವರೇ ಸಾಕ್ಷಿಯಾದ್ರೆ ಅದು ನಿಲ್ಲಲ್ಲಮ್ಮ ಅಂದೆ. ನನ್ನ ಜೊತೆ ವಾದಕ್ಕೇ ಇಳಿದ್ರು. ಕೊನೆಗೆ ಬೇರೆ ಇಬ್ಬರು ಸಾಕ್ಷಿ ಕರೆಸಿ, ಡಾಕ್ಟರ ಪತ್ರಾನೂ ಇಟ್ಟು, ಹೊಸದಾಗಿ ಬರೆಸಿದ್ವಿ. ಊರಲ್ಲಿ ಇಷ್ಟು ವಕೀಲರಿದ್ರೂ ಮಹಡಿ ಹತ್ತಿ ನನ್ನ ಹತ್ರಾನೇ ಯಾಕೆ ಬಂದ್ರಿ ಅಂತ ಕೇಳಿದೆ. 'ನಮ್ಮ ಗುಂಡಿಯಕ್ಕನ ಆಯ್ಕೆ. ನಾನಿಲ್ಲದ ದಿನ ಅವಳನ್ನ ಕೂರಿಸಿ, ಅರ್ಥ ಆಗೋ ಹಾಗೆ ಹೇಳೋರು ಬೇಕಿತ್ತು' ಅಂದ್ರು."

ಮೈದುನ ಅಣ್ಣನ ಮಗನ ಕಡೆ ತಿರುಗಿದ. "ನೀನಾದ್ರೂ ಮಾತಾಡೋ."

"ಅಮ್ಮ ನನಗೆ ಹೇಳಿದ್ಲು, ನಾನು ಸರಿ ಅಂದಿದ್ದೆ. ಹಾಸಿಗೆ ಹಿಡಿದ ಮೇಲೆ ಅಮ್ಮನಿಗೆ ಸ್ನಾನ ಮಾಡಿಸಿದ್ದು ನಾನಾ, ನೀವಾ ಚಿಕ್ಕಪ್ಪ?"

ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಗುಂಡಿಯಕ್ಕ ಆಗ ಬಿಕ್ಕಿ ಬಿಕ್ಕಿ ಅತ್ತಳು. "ಒಂದು ಮಾತು ಹೇಳಿದ್ರೆ ಕಾಲು ಹಿಡಿದು ಬೇಡ ಅಂತಿದ್ದೆ."

"ಅದಕ್ಕೇ ಹೇಳಲಿಲ್ಲವಂತೆ," ಎಂದರು ವಕೀಲರು. ಎಷ್ಟು ಸಲ ಕೈಮುಗಿದರೂ ಅವಳಿಗೆ ಸಾಕೆನಿಸಲಿಲ್ಲ. ಅವರಿಗೆ ಮುಗಿದದ್ದು ಎಷ್ಟೋ, ಸ್ಮಶಾನದ ದಿಕ್ಕಿಗೆ ಮುಗಿದದ್ದು ಎಷ್ಟೋ.

ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಎಲ್ಲರೂ ಹೊರಟರು. ಬಸ್‌ಸ್ಟ್ಯಾಂಡಿಗೆಂದು ಹೋಗಿದ್ದ ಮಗ ವಾಪಸು ಬಂದ. ಅವನು ಹುಟ್ಟಿ ಬೆಳೆದ ಮನೆ ಅದು. ಆದರೂ ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ನಿಂತ.

"ಬಸ್ಸಲ್ಲಿ ಜಾಗ ಸಿಗಲಿಲ್ಲ, ಅಕ್ಕ. ಇವತ್ತೊಂದಿನ ಇಲ್ಲಿ ಉಳ್ಕೊಳ್ಳಲಾ?"

ತನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ಗುಂಡಿಯಕ್ಕ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.